ಗೊತ್ತಾಗದ ಜಾಗ

ಜೂನ್ ೯, ಭಾನುವಾರ
ಬೇಕರಿಯ ಹಿಂದಿನ ಬೀದಿ

ಮುದ್ದು ಚೂಟಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಹೊಸ ಜಾಗದಲ್ಲಿ ಹೊಂದಿಕೊಂಡಿದ್ದೀಯ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬಿಡುವಿರಲಿಲ್ಲ ಅಂತ ಬರೆಯಬಹುದು, ಆದರೆ ಸುಳ್ಳಾಗುತ್ತದೆ. ಇಲ್ಲಿ ನನಗೆ ಬಿಡುವಿಗೇನೂ ಬರವಿಲ್ಲ. ಫೋನ್ ಎತ್ತದೆ ಇದ್ದದ್ದೂ ಬೇಕಂತಲೇ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ, ಕೊನೆಗೆ "ಆಯ್ತು ಬಿಡು" ಅಂತ ನಾನೇ ಅಂದು ಇಟ್ಟುಬಿಡುತ್ತೇನೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ ನೋಡು. ಅದಕ್ಕೇ ಇವತ್ತು ಬೇಕರಿಗೆ ರಜೆ ಅಂತ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದೇನೆ.

"ಅಪ್ಪ ಏನೋ ತಮಾಷೆಗೆ ಮಾಡಿದ್ದಕ್ಕೆ ಮನೆ ಬಿಟ್ಟು ಹೋಗೋದಾ ಅಮ್ಮ? ಪಾಪ, ಅಪ್ಪ ದಿನಾ ಬ್ರೆಡ್ ತಿಂತಿದ್ದಾರಂತೆ" ಅಂತ ಬರೆದಿದ್ದೀಯ. ಬ್ರೆಡ್ ತಿನ್ನುತ್ತಿರುವುದು ನಿಜ. ನಮ್ಮ ಬೇಕರಿಯದೇ. ಕೌಂಟರಿನ ಹುಡುಗಿಯ ಹತ್ತಿರ ತೆಗೆದುಕೊಂಡು, ಅವಳನ್ನು ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿ ಹೋಗುತ್ತಾರೆ. ಒಳಗಡೆ ನಾನು ಕೇಕಿಗೆ ಕ್ರೀಮು ಬಳಿಯುತ್ತಾ ಆ ನಗು ಕೇಳಿಸಿಕೊಳ್ಳುತ್ತಿರುತ್ತೇನೆ. ನಾನು ಒಳಗಿದ್ದೇನೆ ಅಂತ ಅವರಿಗೆ ಗೊತ್ತು. ಒಂದು ದಿನವೂ ಇಣುಕಿಲ್ಲ.

ನಾನಿರುವ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿದೆ. ಒಂದು ಮಂಚ, ಒಂದು ಒಲೆ, ಬಟ್ಟೆಗೆ ಗೋಡೆಯಲ್ಲಿ ಮೊಳೆಗಳು. ಬೆಳಿಗ್ಗೆ ಕೆಳಗೆ ರಿಮ್ಮಿಗೆ ಸುತ್ತಿಗೆ ಬೀಳುವುದು ಶುರುವಾದರೆ ಏಳಲೇಬೇಕು, ಗಡಿಯಾರ ಬೇಡ. ಮೆಟ್ಟಿಲು ಕಡಿದು. ಹೊಟ್ಟೆಯ ಹೊಲಿಗೆ ಈಗಲೂ ಬಿಗಿಯುತ್ತದೆ, ಕಂಬಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಉಸಿರು ಬಿಟ್ಟುಕೊಂಡು ಹತ್ತುತ್ತೇನೆ. ಹತ್ತಿದ ಮೇಲೆ ಬಾಗಿಲು ಹಾಕಿಕೊಂಡರೆ ಯಾರೂ ಇರುವುದಿಲ್ಲ. ಅದೇ ದೊಡ್ಡ ಸುಖ.

ಯಾಕೆ ಬಂದೆ ಅಂತ ಕೇಳಿದ್ದೀಯ. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದೆ, ಗೊತ್ತಿಲ್ಲದ್ದೂ ಇದೆ.

ಗಡ್ಡೆಗೆ ಅಂತ ಎಡಗಡೆಯ ಮೊಲೆಯನ್ನೇ ಪೂರ್ತಿ ತೆಗೆದರಲ್ಲ, ಆಮೇಲೆ ನಾನು ಒಳಗೆ ಆ ರಬ್ಬರಿನಂಥ ಪ್ಯಾಡ್ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಬೇಕರಿಯ ಬಿಸಿಗೆ ಬೆವರು, ಬೆವರಿಗೆ ಅದು ಜಾರುವುದು. ಒಂದು ದಿನ ಮೇಜಿನ ಮೇಲೆ ಬಗ್ಗಿ ಕೇಕು ಸವರುತ್ತಿದ್ದೆ, ಕತ್ತಿನ ಕಡೆಯಿಂದ ಜಾರಿ ಬಂದು ನಾದಿಟ್ಟ ಹಿಟ್ಟಿನ ಉಂಡೆಗಳ ಪಕ್ಕದಲ್ಲಿ ಬಿತ್ತು. ಎದುರಿಗೇ ನಿಂತಿದ್ದ ಯಜಮಾನರು ಅದನ್ನೂ ಹಿಟ್ಟು ಅಂದುಕೊಂಡು ಕೈಗೆತ್ತಿಕೊಂಡುಬಿಟ್ಟರು. ಒತ್ತಿ ನೋಡಿದರು. ಏನೆಂದು ಗೊತ್ತಾದ ಮೇಲೆ ಎಲ್ಲಿಡಬೇಕು ಅಂತ ತಿಳಿಯದೆ ಒಂದು ತಟ್ಟೆಯಲ್ಲಿಟ್ಟು ನನ್ನ ಕಡೆ ತಳ್ಳಿ, ಹೊರಗೆ ಹೋಗಿ ನಿಂತರು. ಒಲೆ ನೋಡಿಕೊಳ್ಳುವ ಕೆಂಡಣ್ಣ ಗೋಡೆಗೆ ಮುಖ ಮಾಡಿದ. ಹೊಸ ಮೊಲೆ ಮಾಡಿಸಿಕೊಳ್ಳಬೇಕು ಅಂತ ಆವತ್ತು ನಾನು ನಿರ್ಧಾರ ಮಾಡಿದ್ದು. ಚಂದಕ್ಕೆ ಅಂತ ಯಾರಾದರೂ ಅಂದುಕೊಳ್ಳಲಿ. ತಟ್ಟೆಯಲ್ಲಿಟ್ಟು ತಳ್ಳಿಸಿಕೊಳ್ಳುವುದು ನನಗೆ ಇನ್ನು ಸಾಧ್ಯವಿರಲಿಲ್ಲ.

ಡಾಕ್ಟರಮ್ಮ ಎಲ್ಲವನ್ನೂ ಚಿತ್ರ ಬರೆದು ಹೇಳಿದರು. ಹೊಟ್ಟೆಯ ಕೆಳಗಿನ ಚರ್ಮ, ಕೊಬ್ಬನ್ನು ಅದರ ರಕ್ತನಾಳದ ಸಮೇತ ತೆಗೆದು ಎದೆಗೆ ತಂದು, ಅಲ್ಲಿನ ರಕ್ತನಾಳಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂಡಿಸಿ ಹೊಲಿಯುತ್ತಾರೆ. "ಹೊರಗಿನದೇನೂ ಅಲ್ಲ, ನಿಮ್ಮದೇ ಮೈ. ಅಲ್ಲೇ ಬೇರೂರುತ್ತೆ" ಅಂದರು. ನನ್ನ ಪಕ್ಕದಲ್ಲಿ ನಿನ್ನ ಅಪ್ಪ ತಲೆ ಆಡಿಸುತ್ತಾ ಕೂತಿದ್ದವರು, "ಅಂದ್ರೆ ಸ್ಟೆಪ್ನಿ ಟೈರು ಬಿಚ್ಚಿ ಮುಂದಿನ ಚಕ್ರಕ್ಕೆ ಹಾಕ್ತೀರಿ ಅನ್ನಿ" ಅಂದರು. ಡಾಕ್ಟರಮ್ಮ ನಕ್ಕರು. ನಾನೂ ನಕ್ಕೆ. ಅವರ ಮಾತಿಗೆ ನಗದೆ ಇರುವುದು ಕಷ್ಟ, ನಿನಗೇ ಗೊತ್ತು. ಅವರ ಹತ್ತಿರ ಡ್ರೈವಿಂಗ್ ಕಲಿತವರು ಲೈಸೆನ್ಸ್ ಸಿಕ್ಕಿದ ಮೇಲೂ ಮಾತು ಕೇಳುವುದಕ್ಕೆ ಅಂತ ಬಂದು ಕೂರುತ್ತಾರೆ. ನಾನೂ ಹಾಗೇ ಬಂದು ಕೂತವಳು ತಾನೇ, ಮದುವೆಯಾಗಿ.

ಆಸ್ಪತ್ರೆಯ ದಿನಗಳು ನಿನಗೆ ಗೊತ್ತೇ ಇದೆ. ಕೋಣೆಯನ್ನು ಬಿಸಿಯಾಗಿಡಬೇಕು ಅಂತ ಕಿಟಕಿಯನ್ನೂ ತೆರೆಯುವ ಹಾಗಿಲ್ಲ, ಕುರ್ಚಿಯಲ್ಲಿ ಕೂತ ನೀನು ಬೆವರಿ ಒದ್ದೆಯಾಗಿದ್ದೆ. ಗಂಟೆಗೊಮ್ಮೆ ನರ್ಸು ಬಂದು ಪೆನ್ನಿನಂಥದ್ದನ್ನು ಹೊಸ ಎದೆಯ ಮೇಲಿಟ್ಟು, ರಕ್ತ ಹರಿಯುವ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದಳು. ಅವಳು ಬರುವುದು ಸ್ವಲ್ಪ ತಡವಾದರೂ ನೀನು ಓಡಿಹೋಗಿ ಕರೆದುಕೊಂಡು ಬರುತ್ತಿದ್ದೆ. "ಕೇಳಮ್ಮ, ರೈಲು ಬಂತು, ರೈಲು ಬಂತು" ಅನ್ನುತ್ತಿದ್ದೆ. ಮಂಪರಿನಲ್ಲೂ ನನಗೆ ಅದು ಕೇಳುತ್ತಿತ್ತು. ಪಕ್ಕದ ಹಾಸಿಗೆಯ ಹೆಂಗಸಿಗೆ ಮೂರನೇ ದಿನ ಆ ಸದ್ದು ನಿಂತುಹೋಯಿತಲ್ಲ, ಮತ್ತೆ ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೆಗೆದು ಬರಿದು ಮಾಡಿ ಕಳಿಸಿದರು. ಅವಳು ವಾಪಸು ಬಂದು ನನ್ನ ಕಡೆ ನೋಡಿದ ನೋಟ ನೆನಪಿದೆಯಾ? "ನಿಮ್ದು ಇನ್ನೂ ಇದೆಯಾ?" ಅಂತ ಕೇಳಿದಳು. ಹೂಂ ಅಂದೆ. "ಇರ್ಲಿ, ಇನ್ನೂ ಟೈಮಿದೆ" ಅಂದಳು.

ಮನೆಗೆ ಬಂದ ಮೇಲೆ ನೀನು ಮಾಡಿದ್ದನ್ನು ನಾನು ಯಾವ ಬಾಯಿಂದ ಹೇಳಲಿ. ಗಾಯದಿಂದ ನೀರು ಇಳಿಯಲು ಹಾಕಿದ್ದ ಕೊಳವೆಗಳ ತುದಿಯ ಪ್ಲಾಸ್ಟಿಕ್ ಬುರುಡೆಗಳನ್ನು ದಿನಾ ಬಗ್ಗಿಸಿ, ಅಳೆದು, ತೊಳೆದು, ಅವನ್ನು ಇಡಲು ಹಳೆ ದಿಂಬಿನ ಚೀಲ ಹರಿದು ಕತ್ತಿಗೆ ನೇತುಹಾಕುವ ಪುಟ್ಟ ಜೋಳಿಗೆ ಹೊಲಿದೆ. ಮೊಣಕಾಲ ಕೆಳಗೆ ದಿಂಬು, ಬೆನ್ನಿಗೆ ದಿಂಬು, ಹೊಟ್ಟೆಗೆ ಪಟ್ಟಿ. ನನಗೆ ಕೆಮ್ಮು ಬಂದರೆ ನೀನು ಓಡಿಬಂದು ನನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದೆ. ಮೊದಲ ಸಲ ಸ್ನಾನ ಮಾಡಿಸುವಾಗ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಹೊಸ ಎದೆಯ ಮೇಲಿನ ಬಿಳಿ ಗೆರೆಗಳನ್ನು ನೋಡಿ ಕೈ ನಿಲ್ಲಿಸಿದೆ.

"ಇದು ನಾನು ಹೊಟ್ಟೇಲಿದ್ದಾಗ ಬಿದ್ದ ಗೆರೆ ಅಲ್ವಾ?"

"ಹೌದು, ನಿಂದೇ."

"ಮಹಡಿ ಹತ್ತಿಬಿಟ್ಟೆ ನೋಡಮ್ಮ ನಾನು!"

ಇಬ್ಬರೂ ನಕ್ಕಿದ್ದೆಷ್ಟು! ನಕ್ಕರೆ ಹೊಲಿಗೆ ಬಿಚ್ಚುತ್ತದೆ ಅಂತ ನೀನೇ ನನ್ನ ಬಾಯಿ ಮುಚ್ಚಿದೆ.

ಹೊಟ್ಟೆಯ ಚರ್ಮವನ್ನು ಎಳೆದು ಹೊಲಿದಿದ್ದರಿಂದ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ, ಬಗ್ಗಿಕೊಂಡೇ ನಡೆಯುತ್ತಿದ್ದೆ. ನಿನ್ನ ಅಪ್ಪ ಮನೆಗೆ ಬಂದವರ ಮುಂದೆ ನನ್ನ ಹಾಗೆ ನಡೆದು ತೋರಿಸುತ್ತಿದ್ದರು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಗೋಡೆಯ ಮೇಲೆ, ಕಣ್ಣು ನೆಲದ ಮೇಲೆ. "ಮದುವೇಲಿ ಬೀಳಿಸಿಕೊಂಡ ಉಂಗುರ ಈಗ ಹುಡುಕ್ತಾ ಇದ್ದಾಳೆ" ಅನ್ನುತ್ತಿದ್ದರು. ಬಂದವರಿಗೆ ನಗು ತಡೆಯಲಾಗುತ್ತಿರಲಿಲ್ಲ. ನಾನು ಅದೇ ಹೊತ್ತಿಗೆ ಒಳಗಿಂದ ಹಾಗೇ ನಡೆದುಕೊಂಡು ಬಂದುಬಿಟ್ಟರಂತೂ ಕೇಳುವುದೇ ಬೇಡ. ನಿನ್ನ ಚಿಕ್ಕಮ್ಮ ಬಂದಾಗ ನನ್ನನ್ನು ಮುಂದೆ ಹಿಂದೆ ತಿರುಗಿಸಿ ನೋಡಿ, "ನಿಂಗೇನಕ್ಕ, ಒಂದೇ ಸಲಕ್ಕೆ ಎರಡೂ ಆಯ್ತು. ಹೊಟ್ಟೆ ನೋಡು, ಕಾಲೇಜು ಹುಡುಗಿ ಥರ. ನಂಗೂ ಬರಬಾರದಾ ಇಂಥದ್ದೊಂದು!" ಅಂದಳು. ಬರಲಿ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ.

ಮಗಳ ಹತ್ತಿರ ಆಡುವ ಮಾತಲ್ಲ, ಆದರೆ ನೀನೂ ದೊಡ್ಡವಳಾಗಿದ್ದೀಯ. ಆಸ್ಪತ್ರೆಯಿಂದ ಬಂದ ದಿನವೇ ನಿನ್ನ ಅಪ್ಪ ಹಾಸಿಗೆ ತೆಗೆದುಕೊಂಡು ಹಾಲಿನ ಸೋಫಾಕ್ಕೆ ಹೋದರು. ನಿದ್ದೆಯಲ್ಲಿ ಕೈ ತಾಗಿದರೆ ನನಗೆ ಕಷ್ಟ ಅಂತ. ಒಳ್ಳೆಯದೇ ಅಂದುಕೊಂಡೆ. ಪಟ್ಟಿ ಬಿಚ್ಚಿದ ಮೇಲೂ ವಾಪಸು ಬರಲಿಲ್ಲ. ಒಂದು ಸಂಜೆ ನಾನೇ ನಾಚಿಕೆ ಬಿಟ್ಟು, "ನೋಡ್ತೀರಾ?" ಅಂತ ಕೇಳಿದೆ. ನೋಡಿದರು. ಕಲಿಯುವವರು ಗುದ್ದಿ ತಂದ ಕಾರನ್ನು ಗ್ಯಾರೇಜಿನಿಂದ ಬಿಡಿಸಿಕೊಳ್ಳುವಾಗ ತಲೆ ಓರೆ ಮಾಡಿ ನೋಡುತ್ತಾರಲ್ಲ, ಹಾಗೆ. "ಡೆಂಟ್ ಚೆನ್ನಾಗಿ ಎತ್ತಿದ್ದಾರೆ. ಪೇಂಟ್ ಒಂದು ಬಾಕಿ" ಅಂದರು. ಮೊಲೆತೊಟ್ಟು ಇನ್ನೂ ಮಾಡಿರಲಿಲ್ಲ, ಅದನ್ನು ಹೇಳಿದ್ದು. ಟೀವಿಯಲ್ಲಿ ಆಟ ಶುರುವಾಗಿತ್ತು, ಎದ್ದು ಹೋದರು.

ಬೇಕರಿಗೆ ಮತ್ತೆ ಹೋಗಲು ಶುರುಮಾಡಿದೆ. ಭಾರ ಎತ್ತಬಾರದು ಅಂದಿದ್ದರಿಂದ ಕೆಂಡಣ್ಣನೇ ಟ್ರೇಗಳನ್ನು ಒಲೆಯಿಂದ ತೆಗೆದು ಸ್ಟ್ಯಾಂಡಿನಲ್ಲಿ ಜೋಡಿಸುತ್ತಿದ್ದ. ಒಂದು ದಿನ ಸ್ಟ್ಯಾಂಡಿನ ಹಿಂದಿನ ಕಪಾಟಿನಿಂದ ಸಕ್ಕರೆಪುಡಿಯ ಡಬ್ಬಿ ತೆಗೆಯಲು ಬಗ್ಗಿ ಕೈಚಾಚಿದೆ. ಡಬ್ಬಿ ಕೈಗೆ ಸಿಗುತ್ತಿಲ್ಲ. ಇನ್ನಷ್ಟು ಬಗ್ಗಿದೆ.

"ಅಕ್ಕಾ! ಬಟ್ಟೆ! ಬಟ್ಟೆ ಸುಡ್ತಿದೆ!"

ಯಾರ ಬಟ್ಟೆ ಅಂತ ಹಿಂದೆ ತಿರುಗಿ ನೋಡಿದೆ. ಕೆಂಡಣ್ಣ ಬಂದು ನನ್ನ ಭುಜ ಹಿಡಿದು ಎಳೆದ. ನಾನು ಆಗಷ್ಟೇ ಹೊರಗೆ ಬಂದ ಬನ್ನಿನ ಟ್ರೇಗೆ ಎದೆ ಆನಿಸಿಕೊಂಡು ನಿಂತಿದ್ದೆ. ಹೊಸ ಎದೆಯ ಕೆಳಭಾಗದಲ್ಲಿ ಉದ್ದಕ್ಕೆ ಬೊಬ್ಬೆ ಎದ್ದಿತ್ತು. ನೀರು ಸುರಿದೆವು, ಅದೂ ಗೊತ್ತಾಗಲಿಲ್ಲ. "ನೋವಿಲ್ವಾ ಅಕ್ಕ? ನಂಗೇ ನೋಡೋಕಾಗ್ತಿಲ್ಲ" ಅಂತ ಅವನು ಕಣ್ಣು ಒರೆಸಿಕೊಂಡ. ಸ್ಪರ್ಶ ಬರಬಹುದು, ಬರದೆಯೂ ಇರಬಹುದು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೇಳಿದ್ದು ಬೇರೆ, ಮಾಂಸ ಬೇಯುವುದನ್ನು ಇನ್ನೊಬ್ಬರು ಹೇಳಿ ತಿಳಿದುಕೊಳ್ಳುವುದು ಬೇರೆ.

ಆವತ್ತು ಮನೆಗೆ ಬಂದು ನಿನ್ನ ಅಪ್ಪನ ಮುಂದೆ ಅತ್ತೆ. ಆಪರೇಷನ್ ಆದ ಮೇಲೆ ಅತ್ತಿದ್ದು ಅದೇ ಮೊದಲು. ನೀನು ಸಂದರ್ಶನಕ್ಕೆ ಅಂತ ಬೇರೆ ಊರಿಗೆ ಹೋಗಿದ್ದೆ. ಅವರು ಟೀವಿ ಆರಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವೇ ಮುಲಾಮು ಹಚ್ಚಿದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವರ ಕೈ ಅಲ್ಲಿಗೆ ಬಂದದ್ದು. ಬೆರಳು ಅಲ್ಲಿರುವುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೆ. "ಇಲ್ಲಿ ಗೊತ್ತಾಗುತ್ತಾ? ಇಲ್ಲಿ? ಕಣ್ಣು ಮುಚ್ಚು, ಈಗ ಎಲ್ಲಿ ಮುಟ್ಟಿದೀನಿ ಹೇಳು" ಅಂತ ಮತ್ತೆ ಮತ್ತೆ ಕೇಳಿದರು. ನಾನು ಕಣ್ಣು ಮುಚ್ಚಿಕೊಂಡು ಸುಮ್ಮನೆ ಏನೇನೋ ಹೇಳಿದೆ. ಅವರು ಮುಟ್ಟುವುದು ನಿಲ್ಲಿಸದಿರಲಿ ಅಂತ. ಅದು ಪ್ರೀತಿ ಅಂತ ತಿಳಿದೆ, ಚೂಟಿ. ಅದೇ ವಾರ ಡ್ರೈವಿಂಗ್ ಕಲಿಯುವ ಹೆಂಗಸೊಬ್ಬಳು ಬೇಕರಿಗೆ ಬಂದು, "ನಿಮ್ಗೆ ಸುಟ್ಟರೂ ಗೊತ್ತಾಗಲ್ವಂತಲ್ಲ, ಮೇಷ್ಟ್ರು ಹೇಳ್ತಾ ಇದ್ರು" ಅಂತ ಕೇಳಿದಳು. ಕ್ಲಾಸಿನಲ್ಲಿ ನಕ್ಕು ನಕ್ಕು ಗಾಡಿ ಆಫ್ ಆಗಿಬಿಟ್ಟಿತಂತೆ.

ಇನ್ನು ಆ ಭಾನುವಾರ. ನಿನಗೆ ಕೆಲಸ ಸಿಕ್ಕಿ ಮಾರನೇ ದಿನ ಹೊರಡುವವಳಿದ್ದೆ. ಚಿಕ್ಕಪ್ಪ, ಚಿಕ್ಕಮ್ಮ ಊಟಕ್ಕೆ ಬಂದಿದ್ದರು. ನಾನೇ ಕೇಕು ಮಾಡಿದ್ದೆ, ಹಣ್ಣಿನ ಹೋಳುಗಳಿಗೆ ಅಂತ ಒಂದು ಲೋಟದ ತುಂಬ ಹಲ್ಲುಕಡ್ಡಿ ಇಟ್ಟಿದ್ದೆ. ನೀನೂ ಅಲ್ಲೇ ಇದ್ದೆ, ಎಲ್ಲವನ್ನೂ ನೋಡಿದ್ದೀಯ. ಆದರೂ ನನ್ನ ಕುರ್ಚಿಯಿಂದ ಹೇಗೆ ಕಂಡಿತು ಅಂತ ಹೇಳುತ್ತೇನೆ.

ನಾನು ಆ ಕೇಕಿನ ಗಿರಾಕಿಯ ಕತೆ ಹೇಳುತ್ತಿದ್ದೆ. ಬೆಳಿಗ್ಗೆ ಬಂದು, ಹೆಂಡತಿಗೆ ಕೊಡಬೇಕು, ಮೇಲೆ "ಕ್ಷಮಿಸು" ಅಂತ ಬರೆಯಿರಿ ಅಂದವನು. ಬರೆದು ಮುಗಿಸುವಷ್ಟರಲ್ಲಿ ಫೋನ್ ಮಾಡಿ, ಅದನ್ನು ಕೆರೆದು "ಇಬ್ಬರದೂ ತಪ್ಪು" ಅಂತ ಮಾಡಿ ಅಂದ. ಮಧ್ಯಾಹ್ನ ಮತ್ತೆ ಫೋನ್, "ನಿಂದೇ ತಪ್ಪು" ಅಂತ ಬರೆಯಲು ಜಾಗ ಇದೆಯಾ ಅಂತ. ಕೊನೆಗೆ ಸಂಜೆ ಖುದ್ದಾಗಿ ಬಂದು, ಏನೂ ಬರೆಯಬೇಡಿ, ಅವಳು ಹೊರಟುಹೋದಳು, ಒಂದು ಚಮಚ ಕೊಡಿ ಅಂದು ಅಲ್ಲೇ ನಿಂತು ತಿಂದ. ನಮ್ಮ ಮನೆಯಲ್ಲಿ ಕತೆ ಹೇಳುವವರು ಯಾವಾಗಲೂ ನಿನ್ನ ಅಪ್ಪ. ನಾನು ಬಾಯಿ ತೆರೆದರೆ ಯಾರಾದರೂ ಉಪ್ಪು ಕೊಡು ಅನ್ನುತ್ತಾರೆ. ಆವತ್ತು ನನ್ನ ಮಾತಿಗೆ ಇಡೀ ಮೇಜು ನಗುತ್ತಿತ್ತು. ಚಿಕ್ಕಪ್ಪನಿಗೆ ನೀರು ನೆತ್ತಿಗೇರಿತು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನನಗೆ ಹುರುಪು ಬಂತು. ಇಲ್ಲದ್ದನ್ನೂ ಸೇರಿಸಿ, ಕೈ ಆಡಿಸಿ, ಗಿರಾಕಿಯ ದನಿ ಅನುಕರಿಸಿ ಹೇಳಿದೆ. ನಾನೂ ಅವರ ಜೊತೆ ನಕ್ಕೆ. ಇಷ್ಟು ವರ್ಷ ನನ್ನಲ್ಲೂ ಇದೆಲ್ಲ ಇತ್ತಾ ಅನ್ನಿಸಿತು.

ಆಮೇಲೆ ನೋಡಿದರೆ ಚಿಕ್ಕಪ್ಪನ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ಎಲ್ಲಿದೆ ಅಂತ ನೋಡಿದೆ. ಎಡಗಡೆ, ತೆಳು ಹತ್ತಿ ಬಟ್ಟೆಯ ಮೇಲೆ, ಒಂದು ಹಲ್ಲುಕಡ್ಡಿ ನೆಟ್ಟಗೆ ನಿಂತಿತ್ತು. ಅರ್ಧ ಒಳಗೆ ಹೋಗಿತ್ತು. ನಾನು ಉಸಿರಾಡಿದಾಗೆಲ್ಲ ಅದು ಅಲ್ಲಾಡುತ್ತಿತ್ತು. ಸುತ್ತ ಸಾಸಿವೆಯಷ್ಟು ರಕ್ತ.

"ನಾನು ಹೇಳಿರ್ಲಿಲ್ವಾ? ಇನ್ನೂ ಎರಡು ಚುಚ್ಚಿದ್ರೂ ಗೊತ್ತಾಗ್ತಿರ್ಲಿಲ್ಲ ಇವಳಿಗೆ!" ಅಂದರು ನಿನ್ನ ಅಪ್ಪ.

ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ಕಡ್ಡಿ ಕಿತ್ತು ತಟ್ಟೆಯ ಅಂಚಿನಲ್ಲಿಟ್ಟು, ಒಳಗೆ ಹೋಗಿ ಉಳಿದ ಹಣ್ಣು ತಂದಿಟ್ಟೆ. ಗಿರಾಕಿಯ ಕತೆ ಪೂರ್ತಿಯಾಯಿತಾ ಇಲ್ಲವಾ ಅಂತ ಯಾರೂ ಕೇಳಲಿಲ್ಲ.

ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುತ್ತಾ, "ನೀವು ಮಾಡಿದ್ದು ಸರೀನಾ?" ಅಂತ ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನೋವಾಯ್ತಾ?"

"ಇಲ್ಲ."

"ಆಗ್ಲಿಲ್ಲ ತಾನೇ? ಮತ್ತೇನೀಗ?"

ತೊಳೆದ ಪಾತ್ರೆಗಳನ್ನು ಒರೆಸಿ ಜೋಡಿಸಿಟ್ಟೆ. ಮಾರನೇ ದಿನ ನಿನ್ನನ್ನು ನಿಲ್ದಾಣಕ್ಕೆ ಬಿಟ್ಟು, ಕೈಬೀಸಿ ಬಂದೆ.

ನೀನು ಹೋದ ಮೇಲಿನದ್ದು ನಿನಗೆ ಗೊತ್ತಿಲ್ಲ. ಆ ವಾರ ಕಳೆಯುವಷ್ಟರಲ್ಲಿ ಜ್ವರ ಬಂತು. ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡಿತ್ತು. ಗೊತ್ತಾಗದ ಜಾಗವಲ್ಲವಾ, ಕನ್ನಡಿಯಲ್ಲಿ ನೋಡಿದಾಗಲೇ ತಿಳಿದದ್ದು. ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ದೀಪ ಹತ್ತಿರ ಎಳೆದುಕೊಂಡು ನೋಡಿ, "ಇದೇನಿದು? ಯಾವುದರಿಂದ ಆಯ್ತು?" ಅಂದರು. ಹಿಂದೆ ನಿನ್ನ ಅಪ್ಪ ನಿಂತಿದ್ದರು. ಅವರ ಮರ್ಯಾದೆ ಯಾಕೆ ತೆಗೆಯಬೇಕು ಅಂತ, "ಬೇಕರೀಲಿ ಕಡ್ಡಿ ಚುಚ್ಕೊಂಡೆ, ಗಮನಿಸ್ಲಿಲ್ಲ" ಅಂದೆ.

ಡಾಕ್ಟರಮ್ಮ ರೇಗಿದರು. "ಮೊದಲು ಸುಟ್ಕೊಂಡು ಬಂದ್ರಿ, ಈಗ ಇದು. ಕೂದಲಿಗಿಂತ ಸಣ್ಣ ದಾರದಲ್ಲಿ ಇಡೀ ದಿನ ನಿಂತು ಹೊಲ್ದಿದೀನಿ ನಾನು. ನಿಮ್ಮ ಮೈ ಮೇಲೆ ನಿಮಗೇ ಜವಾಬ್ದಾರಿ ಇಲ್ಲ ಅಂದ್ರೆ ಯಾಕೆ ಮಾಡಿಸ್ಕೋತೀರಿ?" ಅಂದರು.

ಆಗ ನಿನ್ನ ಅಪ್ಪ ಹಿಂದಿನಿಂದ ಅಂದರು: "ಸರಿಯಾಗಿ ಹೇಳಿ ಡಾಕ್ಟ್ರೇ. ನಾನೂ ಹೇಳಿ ಹೇಳಿ ಸಾಕಾಗಿದೆ, ಜಾಗ್ರತೆ ಕಣೇ ಅಂತ. ಕೇಳ್ಬೇಕಲ್ಲ ಇವಳು."

ತಿರುಗಿ ಅವರ ಮುಖ ನೋಡಿದೆ. ಎಲ್ಲೋ ಒಂದು ಕಡೆ ತುಂಟತನ ಅಡಗಿರುತ್ತದೆ, ಕಣ್ಣು ಹೊಡೆಯುತ್ತಾರೆ ಅಂತ ಕಾದೆ. ಹಾಗೆ ಮಾಡಿದ್ದರೆ ಬಹುಶಃ ನಾನು ಇನ್ನೂ ಆ ಮನೆಯಲ್ಲೇ ಇರುತ್ತಿದ್ದೆ. ಆದರೆ ಆ ಮುಖದಲ್ಲಿ ತಮಾಷೆಯೇ ಇರಲಿಲ್ಲ. ನನ್ನ ಮೇಲೆ ಅವರಿಗೆ ನಿಜವಾದ ಬೇಸರ ಬಂದಿತ್ತು.

ಕುಯ್ದು ಕೀವು ತೆಗೆದರು. ಒಳಗೆ ನೆಲ್ಲಿಕಾಯಿಯಷ್ಟು ಕೊಬ್ಬು ಸತ್ತುಹೋಗಿತ್ತು, ಅದನ್ನೂ ತೆಗೆದರು. ಮೇಲಿನ ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೂಡ ಬೇಕಾಗಲಿಲ್ಲ, ನಾನು ಚಾವಣಿ ನೋಡುತ್ತಾ ಮಲಗಿದ್ದೆ. ಈಗ ಅಲ್ಲೊಂದು ಹಳ್ಳ ಬಿದ್ದಿದೆ.

ವಾಪಸು ಬರುವಾಗ ಅವರ ಕಲಿಕೆಯ ಕಾರಿನಲ್ಲೇ ಬಂದೆವು. ಸೀಟ್ ಬೆಲ್ಟು ಸರಿಯಾಗಿ ಗಾಯದ ಮೇಲೆ ಬರುತ್ತಿತ್ತು, ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದೆ. ಬೇಕರಿಯ ಹತ್ತಿರ, "ಇಲ್ಲಿ ನಿಲ್ಸಿ" ಅಂದೆ. ನಿಲ್ಲಿಸಿ, "ಬನ್ ತಗೊಂಡ್ ಬಾ, ಬಿಸಿ ಇದ್ರೆ ಮಾತ್ರ" ಅಂದರು. ನಾನು ಒಳಗೆ ಹೋಗಿ ಹಿಟ್ಟಿನ ಮೂಟೆಗಳ ಮೇಲೆ ಕೂತೆ. ಹೊರಗೆ ಹಾರ್ನ್ ಆಯಿತು. ಇನ್ನೊಮ್ಮೆ ಆಯಿತು. ಕೆಂಡಣ್ಣ ಹೋಗಿ ಕಾರಿನ ಕಿಟಕಿಯಲ್ಲಿ ಬನ್ನಿನ ಪೊಟ್ಟಣ ಕೊಟ್ಟು, "ಅಕ್ಕ ಬರಲ್ವಂತೆ" ಅಂದ. ಕಾರು ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಹೋಯಿತು. ಈ ಕೋಣೆ ಕೆಂಡಣ್ಣನ ಅತ್ತೆಯದು. ಬಟ್ಟೆಬರೆಯನ್ನು ನಿನ್ನ ಅಪ್ಪ ಕ್ಲಾಸಿಗೆ ಹೋಗಿದ್ದ ಹೊತ್ತು ನೋಡಿ ತಂದುಕೊಂಡೆ.

ನಿನ್ನ ಅಪ್ಪ ಒಂದು ಸಲ ಇಲ್ಲಿಯ ತನಕ ಬಂದಿದ್ದರು. ಕೆಳಗೆ ಸೈಕಲ್ ಅಂಗಡಿಯಲ್ಲಿ ನಿಂತು ಏನೋ ಹೇಳುತ್ತಿದ್ದರು, ಅಂಗಡಿಯವನು ಸುತ್ತಿಗೆ ಕೆಳಗಿಟ್ಟು ನಗುತ್ತಿದ್ದ. ನೆಲದ ಮೂಲಕ ಎಲ್ಲ ಕೇಳುತ್ತಿತ್ತು. ಮೆಟ್ಟಿಲು ಹತ್ತುತ್ತಾರೇನೋ ಅಂತ ನಾನು ಕೂದಲು ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಂತೆ, ನೋಡು ನನ್ನ ಬುದ್ಧಿ. ಅವರು ಟೈರಿಗೆ ಗಾಳಿ ಹಾಕಿಸಿಕೊಂಡು ಹೋದರು. ಆವತ್ತಿನಿಂದ ಸೈಕಲ್ ಅಂಗಡಿಯವನು ನನ್ನನ್ನು ಕಂಡರೆ ತುಟಿ ಕಚ್ಚಿಕೊಳ್ಳುತ್ತಾನೆ. ಏನು ಹೇಳಿದ್ದಾರೋ.

ನಾನು ವಾಪಸು ಹೋಗುವುದಿಲ್ಲ. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಹಳ್ಳ ತುಂಬಲು ಬೇರೆ ಕಡೆಯಿಂದ ಸ್ವಲ್ಪ ಕೊಬ್ಬು ತೆಗೆದು ಹಾಕಬಹುದು ಅಂತ ಡಾಕ್ಟರಮ್ಮ ಹೇಳಿದ್ದಾರೆ, ನಾನೇ ಬೇಡ ಅಂದೆ. ಮೊಲೆತೊಟ್ಟೂ ಬೇಡ ಅಂದೆ. ಯಜಮಾನರು ಕೇಕಿನ ಮೇಜಿನ ಹತ್ತಿರ ಎತ್ತರದ ಸ್ಟೂಲು ಹಾಕಿಸಿದ್ದಾರೆ. ಕೂತು ಕೆಲಸ ಮಾಡುತ್ತೇನೆ. ಬೆನ್ನು ನೆಟ್ಟಗಾಗಿದೆ. ಊಟಕ್ಕೆ ಕೂತಾಗ ಯಾರಿಗೂ ಉಪ್ಪು ಕೊಡಬೇಕಾಗಿಲ್ಲ.

ನಿನಗೆ ಒಳ್ಳೆಯದಾಗಲಿ ಮಗಳೇ. ಹೊಸ ಕೆಲಸದಲ್ಲಿ ಹೆಸರು ತೆಗೆದುಕೋ. ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ. ನಿನ್ನ ಮೈಯನ್ನು ಆಗಾಗ ನೀನೇ ಮುಟ್ಟಿ ನೋಡಿಕೊಳ್ಳುತ್ತಿರು, ಡಾಕ್ಟರ ಹತ್ತಿರವೂ ತೋರಿಸು, ಮುಂದಕ್ಕೆ ಹಾಕಬೇಡ. ನನಗೆ ಬಂದದ್ದು ನಿನ್ನ ತನಕ ಬರದಿರಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ. ನಿನ್ನ ಅಪ್ಪನಿಗೆ ಫೋನ್ ಮಾಡುತ್ತಿರು, ನನ್ನಿಂದಾಗಿ ಅದನ್ನು ನಿಲ್ಲಿಸಬೇಡ. ನೂರು ಕಾಲ ಸುಖವಾಗಿರು.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ ನೆನಪಾದದ್ದು: ನೆನಪಾದದ್ದು ಅನ್ನುವುದೂ ಸುಳ್ಳು. ಬರೆಯಬಾರದು ಅಂದುಕೊಂಡೇ ಇಷ್ಟು ಪುಟ ಬರೆದೆ.

ಆ ಭಾನುವಾರ ಕತೆಯ ಮಧ್ಯದಲ್ಲಿ ನಾನು ಒಮ್ಮೆ ನಿಲ್ಲಿಸಿದ್ದೆ. ಗಂಟಲು ಒಣಗಿತ್ತು, ನೀರು ಕುಡಿಯೋಣ ಅಂತ ಲೋಟ ನೋಡಲು ತಲೆ ಬಗ್ಗಿಸುತ್ತಿದ್ದೆ. ನಿನ್ನ ಅಪ್ಪ ನನ್ನ ಎಡಗಡೆ ಕೂತಿದ್ದರು, ಅವರ ಕೈ ನನಗೆ ಕಾಣುತ್ತಿರಲಿಲ್ಲ. ಎದುರಿಗೆ ಕೂತಿದ್ದ ನಿನಗೆ ಕಾಣುತ್ತಿತ್ತು. ನೀನು ಮೇಜಿನ ಮೇಲಿಂದ ಕೈಚಾಚಿ, ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿ, "ಆಮೇಲೇನಾಯ್ತಮ್ಮ? ಕೆಳಗೆ ನೋಡ್ಬೇಡ, ನನ್ನನ್ನೇ ನೋಡ್ಕೊಂಡು ಹೇಳು" ಅಂದೆ. ನಿನ್ನ ಕಣ್ಣು ಹೊಳೆಯುತ್ತಿತ್ತು. ನನ್ನ ಮಗಳಿಗೆ ನನ್ನ ಕತೆ ಇಷ್ಟು ಹಿಡಿಸಿತಲ್ಲ ಅಂತ ನಾನು ನೀರನ್ನೂ ಮರೆತು ಹೇಳಿದೆ.

ಕಡ್ಡಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ನಿನ್ನ ಬೆರಳು ಗಲ್ಲದ ಮೇಲೆ ಎಲ್ಲೆಲ್ಲಿತ್ತು ಅಂತ ಈಗಲೂ ಗೊತ್ತಾಗುತ್ತದೆ.

ಬರಬೇಕು ಅನ್ನಿಸಿದರೆ ಬಾ. ಬಾಗಿಲು ತೆಗೆಯುತ್ತೇನೆ, ಊಟಕ್ಕೂ ಹಾಕುತ್ತೇನೆ. ನನ್ನ ಮುಖ ಮಾತ್ರ ಮುಟ್ಟಬೇಡ.